ಬರೆದ ಕರಾರು, ಬರೆಯದ ಕರಾರು: ಡ್ರೈವರ್ ಇಂಟರ್‌ಫೇಸಿನ ಅರ್ಧ ಶತಮಾನ

ಆಪರೇಟಿಂಗ್ ಸಿಸ್ಟಂ ಎಂಬ ದೊಡ್ಡ ತಂತ್ರಾಂಶದ ತಿರುಳನ್ನು ಕರ್ನಲ್ ಎಂದು ಕರೆಯುತ್ತಾರೆ. ಪ್ರೊಸೆಸರಿನ ಸಮಯವನ್ನು, ಮೆಮೊರಿಯನ್ನು, ಯಂತ್ರಕ್ಕೆ ಜೋಡಿಸಿದ ಸಾಧನಗಳನ್ನು ಹಲವು ಪ್ರೋಗ್ರಾಂಗಳ ನಡುವೆ ಹಂಚಿಕೊಡುವುದು ಅದರ ಕೆಲಸ. ಡಿಸ್ಕ್, ಪ್ರಿಂಟರ್, ಕೀಬೋರ್ಡ್, ನೆಟ್‌ವರ್ಕ್ ಕಾರ್ಡ್ ಮುಂತಾದ ಒಂದೊಂದು ಸಾಧನಕ್ಕೂ ಅದರದೇ ಆದ ರಿಜಿಸ್ಟರುಗಳಿರುತ್ತವೆ. ಪ್ರೊಸೆಸರ್ ಆಜ್ಞೆಯನ್ನು ಬರೆಯುವ, ಸಾಧನದ ಸ್ಥಿತಿಯನ್ನು ಓದುವ ಪುಟ್ಟ ಕೋಶಗಳೇ ಈ ರಿಜಿಸ್ಟರುಗಳು. ಯಾವ ಕೋಶದಲ್ಲಿ ಯಾವ ಬಿಟ್ ಬರೆದರೆ ಡಿಸ್ಕಿನ ತಲೆ ಸರಿಯುತ್ತದೆ, ಕೆಲಸ ಮುಗಿದಾಗ ಸಾಧನ ಹೇಗೆ ಸೂಚನೆ ಕೊಡುತ್ತದೆ ಎಂಬುದನ್ನು ಬಲ್ಲ ಕೋಡಿನ ಭಾಗಕ್ಕೆ ಡ್ರೈವರ್ ಎಂದು ಹೆಸರು. ಕರ್ನಲ್ ಬರೆಯುವವರು ಬೇರೆ, ಡ್ರೈವರ್ ಬರೆಯುವವರು ಬೇರೆ. ಅನೇಕ ವೇಳೆ ಅವರು ಒಬ್ಬರನ್ನೊಬ್ಬರು ಕಂಡವರೂ ಅಲ್ಲ. ಇವರಿಬ್ಬರ ಕೋಡು ಒಂದೇ ಮೆಮೊರಿಯಲ್ಲಿ, ಒಂದೇ ಅಧಿಕಾರದಲ್ಲಿ ಓಡುವುದರಿಂದ ಒಬ್ಬರ ತಪ್ಪು ಇಡೀ ಯಂತ್ರವನ್ನು ಕೆಡವಬಲ್ಲದು. ಆದ್ದರಿಂದ ಇಬ್ಬರ ನಡುವೆ ಒಂದು ಕರಾರು ಬೇಕಾಗುತ್ತದೆ, ಅದನ್ನೇ ಇಂಟರ್‌ಫೇಸ್ ಎನ್ನುತ್ತಾರೆ. ಈ ಕರಾರಿನ ಒಂದು ಪಾಲು ಕೋಡಿನಲ್ಲೇ ಬರೆದಿರುತ್ತದೆ, ಇನ್ನೊಂದು ಪಾಲು ಬಲ್ಲವರ ನೆನಪಿನಲ್ಲಿ ಮಾತ್ರ ಉಳಿದಿರುತ್ತದೆ. ಬರೆಯದೆ ಉಳಿದ ಷರತ್ತುಗಳು ಎಷ್ಟು ದುಬಾರಿಯಾದವು, ಅವನ್ನು ಒಂದೊಂದಾಗಿ ಬರಹಕ್ಕೆ ತರಲು ಎಷ್ಟು ಕಾಲ ಹಿಡಿಯಿತು ಎಂಬುದರ ಮೇಲೆ ಕಣ್ಣಿಟ್ಟು ನೋಡಿದರೆ ಈ ಕಸುಬಿನ ಚರಿತ್ರೆ ಸ್ಪಷ್ಟವಾಗಿ ಕಾಣುತ್ತದೆ.

ಮೊದಲ ಕಂಪ್ಯೂಟರುಗಳಲ್ಲಿ ಇಂಥ ಕರಾರೇ ಇರಲಿಲ್ಲ. ಕಾರ್ಡ್ ರೀಡರಿನಿಂದ ಓದುವ, ಟೇಪಿಗೆ ಬರೆಯುವ ಕೋಡನ್ನು ಪ್ರತಿಯೊಂದು ಪ್ರೋಗ್ರಾಮಿನವರೂ ತಮ್ಮ ಪ್ರೋಗ್ರಾಮಿನೊಳಗೇ ಸೇರಿಸಿಕೊಳ್ಳುತ್ತಿದ್ದರು. 1956ರಲ್ಲಿ ಜನರಲ್ ಮೋಟರ್ಸ್ ಮತ್ತು ನಾರ್ತ್ ಅಮೆರಿಕನ್ ಏವಿಯೇಷನ್ ಸಂಸ್ಥೆಗಳು ಕೂಡಿ ಐಬಿಎಂ 704 ಯಂತ್ರಕ್ಕಾಗಿ ಸಿದ್ಧಪಡಿಸಿದ ವ್ಯವಸ್ಥೆಯಲ್ಲಿ ಇನ್‌ಪುಟ್ ಮತ್ತು ಔಟ್‌ಪುಟ್‌ನ ಕೋಡನ್ನು ಎಲ್ಲರಿಗೂ ಸಾಮಾನ್ಯವಾಗುವಂತೆ ಒಂದೆಡೆ ಇಡಲಾಯಿತು. ತಯಾರಕರಲ್ಲ, ಯಂತ್ರವನ್ನು ಬಳಸುವವರೇ ಈ ಕೆಲಸಕ್ಕೆ ಕೈಹಾಕಿದ್ದು ಗಮನಿಸಬೇಕಾದ ಸಂಗತಿ, ಏಕೆಂದರೆ ಒಂದೇ ಕೋಡನ್ನು ಮತ್ತೆ ಮತ್ತೆ ಬರೆಯುವ ದಣಿವು ಅನುಭವಕ್ಕೆ ಬರುತ್ತಿದ್ದುದು ಅವರಿಗೇ. 1964ರಲ್ಲಿ ಐಬಿಎಂ ಪ್ರಕಟಿಸಿದ ಸಿಸ್ಟಂ/360 ಯಂತ್ರಮಾಲೆಯ ಆಪರೇಟಿಂಗ್ ಸಿಸ್ಟಂ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪ್ರೋಗ್ರಾಂ ತನಗೆ ಬೇಕಾದ ದತ್ತಾಂಶವನ್ನು ಒಂದು ಹೆಸರಿನಿಂದ ಕೇಳುತ್ತಿತ್ತು, ಆ ಹೆಸರು ಯಾವ ಟೇಪು ಅಥವಾ ಯಾವ ಡಿಸ್ಕು ಎಂಬುದನ್ನು ಕೆಲಸದ ಜೊತೆ ಒಪ್ಪಿಸುವ ಕಾರ್ಡು ಗೊತ್ತುಮಾಡುತ್ತಿತ್ತು. ಆದರೆ ಸಾಲಾಗಿ ಓದುವುದಕ್ಕೆ ಒಂದು ವಿಧಾನ, ಬೇಕಾದಲ್ಲಿಗೆ ಜಿಗಿದು ಓದುವುದಕ್ಕೆ ಇನ್ನೊಂದು, ಸೂಚಿ ಹಿಡಿದು ಹುಡುಕುವುದಕ್ಕೆ ಮತ್ತೊಂದು ಎಂದು ವಿಧಾನಗಳು ಬೆಳೆಯುತ್ತಲೇ ಹೋದವು. ಪ್ರೋಗ್ರಾಮಿನವರು ಅವನ್ನೆಲ್ಲ ಬೇರೆ ಬೇರೆಯಾಗಿ ಕಲಿಯಬೇಕಾಯಿತು.

ಎಂಐಟಿ, ಜನರಲ್ ಎಲೆಕ್ಟ್ರಿಕ್ ಮತ್ತು ಬೆಲ್ ಲ್ಯಾಬ್ಸ್ ಒಟ್ಟುಗೂಡಿ ಕಟ್ಟುತ್ತಿದ್ದ ಮಲ್ಟಿಕ್ಸ್ ವ್ಯವಸ್ಥೆಯಲ್ಲಿ ಈ ಕವಲುಗಳನ್ನು ಒಂದುಗೂಡಿಸುವ ಆಲೋಚನೆ ಮೂಡಿತು. ಅಲ್ಲಿ ಪ್ರೋಗ್ರಾಂ ಒಂದು ಧಾರೆಯ ಹೆಸರನ್ನು ಹಿಡಿದು ಓದುತ್ತಿತ್ತು, ಬರೆಯುತ್ತಿತ್ತು. ನಡುವೆ ಕುಳಿತ ಒಂದು ಸ್ವಿಚ್ ಆ ಕರೆಯನ್ನು ಸಂಬಂಧಪಟ್ಟ ಸಾಧನದ ಕೋಡಿಗೆ ತಿರುಗಿಸುತ್ತಿತ್ತು. 1969ರಲ್ಲಿ ಬೆಲ್ ಲ್ಯಾಬ್ಸ್ ಮಲ್ಟಿಕ್ಸ್‌ನಿಂದ ಹಿಂದೆ ಸರಿದಾಗ, ಅಲ್ಲಿ ದುಡಿದಿದ್ದ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ನ್ಯೂಜೆರ್ಸಿಯ ಮರ್ರೆ ಹಿಲ್‌ನಲ್ಲಿ ಬಳಕೆಯಿಲ್ಲದೆ ಬಿದ್ದಿದ್ದ ಒಂದು ಪಿಡಿಪಿ-7 ಯಂತ್ರದ ಮೇಲೆ ಯೂನಿಕ್ಸ್ ಕಟ್ಟಲು ತೊಡಗಿದರು. ಮಲ್ಟಿಕ್ಸ್‌ನ ಆಲೋಚನೆಗಳಲ್ಲಿ ಪುಟ್ಟ ಯಂತ್ರಕ್ಕೆ ಸಲ್ಲುವಷ್ಟನ್ನು ಅವರು ಉಳಿಸಿಕೊಂಡರು. ಆ ವ್ಯವಸ್ಥೆ ಮುಂದೆ ಪಿಡಿಪಿ-11ಕ್ಕೆ ಸಾಗಿತು, 1973ರಲ್ಲಿ ಅದರ ಕರ್ನಲ್ ಸಿ ಭಾಷೆಯಲ್ಲಿ ಹೊಸದಾಗಿ ಬರೆಯಲ್ಪಟ್ಟಿತು.

1974ರ ಜುಲೈನಲ್ಲಿ ಇಬ್ಬರೂ ಸೇರಿ ಪ್ರಕಟಿಸಿದ ಪ್ರಬಂಧದಲ್ಲಿ ಸಾಧನಗಳನ್ನು ವಿಶೇಷ ಫೈಲುಗಳೆಂದು ಕರೆದು, ಹಾಗೆ ಮಾಡುವುದರಿಂದಾಗುವ ಮೂರು ಲಾಭಗಳನ್ನು ಹೇಳಿದ್ದಾರೆ. ಫೈಲನ್ನು ಓದಿ ಬರೆಯುವ ರೀತಿಯಲ್ಲೇ ಸಾಧನವನ್ನೂ ಓದಿ ಬರೆಯಬಹುದು. ಫೈಲಿನ ಹೆಸರು ಬೇಕಾದ ಪ್ರೋಗ್ರಾಮಿಗೆ ಸಾಧನದ ಹೆಸರನ್ನೂ ಕೊಡಬಹುದು. ಫೈಲುಗಳ ರಕ್ಷಣೆಗಿರುವ ಅನುಮತಿಗಳೇ ಸಾಧನಗಳಿಗೂ ಅನ್ವಯಿಸುತ್ತವೆ. ಮೂರನೆಯ ಲಾಭಕ್ಕೆ ಸಲ್ಲಬೇಕಾದಷ್ಟು ಮನ್ನಣೆ ಇಂದಿಗೂ ಸಿಕ್ಕಿಲ್ಲ. ಯಾರು ಯಾವ ಸಾಧನವನ್ನು ಮುಟ್ಟಬಹುದು ಎಂದು ತೀರ್ಮಾನಿಸುವ ಹೊಣೆ ಡ್ರೈವರ್ ಬರೆಯುವವರ ಹೆಗಲಿನಿಂದ ಆಗಲೇ ಇಳಿದು ಕರ್ನಲ್‌ನ ಸಾಮಾನ್ಯ ಭಾಗಕ್ಕೆ ಸೇರಿತು. ಒಳ್ಳೆಯ ಇಂಟರ್‌ಫೇಸ್ ಮಾಡಬೇಕಾದ ಕೆಲಸವೇ ಅದು.

ಈ ಏರ್ಪಾಡು ಒಳಗೆ ಹೇಗಿತ್ತು ಎಂಬುದನ್ನು 1975ರ ಆರನೆಯ ಆವೃತ್ತಿಯ ಯೂನಿಕ್ಸ್‌ನಲ್ಲಿ ಹತ್ತಿರದಿಂದ ನೋಡಬಹುದು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್ ತಮ್ಮ ವಿದ್ಯಾರ್ಥಿಗಳಿಗಾಗಿ ಆ ಕರ್ನಲ್‌ನ ಸುಮಾರು ಒಂಬತ್ತು ಸಾವಿರ ಸಾಲುಗಳಿಗೆ ವ್ಯಾಖ್ಯಾನ ಬರೆದಿದ್ದರಿಂದ, ಜಗತ್ತಿನಲ್ಲಿ ಅತಿ ಹೆಚ್ಚು ಮಂದಿ ಓದಿದ ಕರ್ನಲ್‌ಗಳಲ್ಲಿ ಅದೂ ಒಂದಾಯಿತು. ಅದರಲ್ಲಿ ಎರಡು ಕೋಷ್ಟಕಗಳಿವೆ. ಒಂದು ಬ್ಲಾಕ್ ಸಾಧನಗಳದು, ಅಂದರೆ 512 ಬೈಟುಗಳ ಕಟ್ಟುಗಳಲ್ಲಿ ದತ್ತಾಂಶವನ್ನು ಇಟ್ಟುಕೊಂಡು ಯಾವ ಕಟ್ಟನ್ನು ಕೇಳಿದರೂ ಕೊಡಬಲ್ಲ ಡಿಸ್ಕಿನಂಥವುಗಳದು. ಇನ್ನೊಂದು ಕ್ಯಾರೆಕ್ಟರ್ ಸಾಧನಗಳದು, ಅಂದರೆ ಟರ್ಮಿನಲ್ ಅಥವಾ ಪ್ರಿಂಟರಿನಂತೆ ಅಕ್ಷರಗಳ ಪ್ರವಾಹವನ್ನು ಕೊಡುವ ಇಲ್ಲವೇ ಪಡೆಯುವ ಸಾಧನಗಳದು. ಮೊದಲ ಕೋಷ್ಟಕದ ಪ್ರತಿ ಸಾಲಿನಲ್ಲಿ ನಾಲ್ಕು ಮನೆಗಳು: ತೆರೆಯುವ ಫಂಕ್ಷನ್, ಮುಚ್ಚುವ ಫಂಕ್ಷನ್, ಸ್ಟ್ರಾಟೆಜಿ ಎಂಬ ಫಂಕ್ಷನ್, ಮತ್ತು ಬಾಕಿ ಕೋರಿಕೆಗಳ ಪಟ್ಟಿ. ಎರಡನೆಯದರಲ್ಲಿ ಐದು: ತೆರೆಯುವುದು, ಮುಚ್ಚುವುದು, ಓದುವುದು, ಬರೆಯುವುದು, ಮತ್ತು ಟರ್ಮಿನಲ್ಲಿನ ವೇಗ, ಪ್ರತಿಧ್ವನಿ ಮುಂತಾದವನ್ನು ಗೊತ್ತುಪಡಿಸುವುದು. ಪ್ರತಿಯೊಂದು ವಿಶೇಷ ಫೈಲಿಗೂ ಎರಡು ಸಂಖ್ಯೆಗಳಿದ್ದವು. ಮೇಜರ್ ಸಂಖ್ಯೆ ಕೋಷ್ಟಕದ ಸಾಲನ್ನು ತೋರಿಸುತ್ತಿತ್ತು, ಮೈನರ್ ಸಂಖ್ಯೆ ಒಂದೇ ಡ್ರೈವರಿನ ಕೈಕೆಳಗಿನ ಹಲವು ಸಾಧನಗಳಲ್ಲಿ ಇದು ಯಾವುದೆಂದು ಹೇಳುತ್ತಿತ್ತು. ಸಾಧನವಿಲ್ಲದ ಮನೆಯಲ್ಲಿ ತಪ್ಪು ಎಂದು ಉತ್ತರಿಸುವ ಒಂದು ಫಂಕ್ಷನ್ನನ್ನೂ, ಏನೂ ಮಾಡಬೇಕಿಲ್ಲದ ಮನೆಯಲ್ಲಿ ಸುಮ್ಮನೆ ಹಿಂದಿರುಗುವ ಇನ್ನೊಂದನ್ನೂ ಇಡುತ್ತಿದ್ದರು, ಆದ್ದರಿಂದ ಕರ್ನಲ್ ಯಾವ ಮನೆಯನ್ನೂ ಖಾಲಿ ಇದೆಯೇ ಎಂದು ಪರೀಕ್ಷಿಸುವ ಅಗತ್ಯವಿರಲಿಲ್ಲ.

ಆರ್‌ಕೆ05 ಎಂಬ ಡಿಸ್ಕಿನ ಡ್ರೈವರ್ ಎರಡು ಮೂರು ಪುಟಗಳಲ್ಲಿ ಮುಗಿಯುತ್ತದೆ. ಅದರ ಸ್ಟ್ರಾಟೆಜಿ ಫಂಕ್ಷನ್ ಮೊದಲು ಕೇಳಿದ ಬ್ಲಾಕಿನ ಸಂಖ್ಯೆ ಡಿಸ್ಕಿನ ಮೇರೆ ಮೀರಿದೆಯೇ ಎಂದು ನೋಡುತ್ತದೆ. ಒಂದು ಡಿಸ್ಕಿನಲ್ಲಿರುವುದು 4872 ಬ್ಲಾಕುಗಳು. ಮೀರಿದ್ದರೆ ಕೋರಿಕೆಯ ಮೇಲೆ ತಪ್ಪಿನ ಗುರುತು ಹಾಕಿ ಮುಗಿಯಿತೆಂದು ತಿಳಿಸುತ್ತದೆ. ಇಲ್ಲದಿದ್ದರೆ ಕೋರಿಕೆಯನ್ನು ಸರದಿಯ ಕೊನೆಗೆ ಸೇರಿಸಿ, ಡಿಸ್ಕ್ ಸುಮ್ಮನಿದ್ದರೆ ಕೆಲಸಕ್ಕೆ ಹಚ್ಚುತ್ತದೆ. ಕೆಲಸ ಮುಗಿದಾಗ ಡಿಸ್ಕ್ ಇಂಟರಪ್ಟ್ ಕಳಿಸುತ್ತದೆ, ಅಂದರೆ ಪ್ರೊಸೆಸರ್ ಮಾಡುತ್ತಿರುವ ಕೆಲಸವನ್ನು ತಡೆದು ತನ್ನ ಕಡೆ ಗಮನ ಸೆಳೆಯುತ್ತದೆ. ಆಗ ಓಡುವ ಇನ್ನೊಂದು ಫಂಕ್ಷನ್ ತಪ್ಪಾಗಿದ್ದರೆ ಹತ್ತು ಸಲದವರೆಗೆ ಮತ್ತೆ ಪ್ರಯತ್ನಿಸಿ, ಬಳಿಕ ಸರದಿಯ ಮುಂದಿನ ಕೋರಿಕೆಯನ್ನು ಎತ್ತಿಕೊಳ್ಳುತ್ತದೆ. ಓದಿದ ಬ್ಲಾಕುಗಳನ್ನು ಮೆಮೊರಿಯಲ್ಲಿ ಕಾಪಿಡುವುದು, ಅದೇ ಬ್ಲಾಕನ್ನು ಮತ್ತೊಬ್ಬರು ಕೇಳಿದರೆ ಡಿಸ್ಕಿಗೆ ಹೋಗದೆ ಕೊಡುವುದು, ಕಾಯುತ್ತಿರುವ ಪ್ರೋಗ್ರಾಮನ್ನು ಎಬ್ಬಿಸುವುದು ಇವೆಲ್ಲ ಕರ್ನಲ್‌ನ ಸಾಮಾನ್ಯ ಭಾಗದ ಪಾಲಿಗೆ ಬಂದಿದ್ದವು. ಹೊಸ ಡಿಸ್ಕಿಗೆ ಡ್ರೈವರ್ ಬರೆಯುವವರು ತಮ್ಮ ಡಿಸ್ಕಿಗೇ ವಿಶಿಷ್ಟವಾದದ್ದನ್ನು ಬಿಟ್ಟು ಹೆಚ್ಚೇನೂ ಬರೆಯಬೇಕಿರಲಿಲ್ಲ. ಸಾಮಾನ್ಯವಾದದ್ದಕ್ಕೂ ವಿಶಿಷ್ಟವಾದದ್ದಕ್ಕೂ ಇಷ್ಟು ಅಚ್ಚುಕಟ್ಟಾಗಿ ಗೆರೆ ಎಳೆದ ವಿನ್ಯಾಸ ಅದಕ್ಕೆ ಮುಂಚೆ ಅಷ್ಟು ಚಿಕ್ಕ ಗಾತ್ರದಲ್ಲಿ ಕಂಡಿರಲಿಲ್ಲ ಎಂದರೆ ಹೊಗಳಿಕೆ ಅತಿಯಾಗದು.

ಆದರೆ ಅದೇ ಸ್ಟ್ರಾಟೆಜಿ ಫಂಕ್ಷನ್ನಿನಲ್ಲಿ, ಸರದಿಗೆ ಕೋರಿಕೆಯನ್ನು ಸೇರಿಸುವ ಮುನ್ನ ಇಂಟರಪ್ಟುಗಳನ್ನು ತಡೆಹಿಡಿಯುವ ಒಂದು ಸಾಲಿದೆ, ಸೇರಿಸಿದ ಮೇಲೆ ತಡೆ ತೆಗೆಯುವ ಇನ್ನೊಂದು ಸಾಲಿದೆ. ಆ ಸಾಲುಗಳಿಲ್ಲದಿದ್ದರೆ, ಸರದಿಯನ್ನು ತಿದ್ದುತ್ತಿರುವಾಗಲೇ ಇಂಟರಪ್ಟ್ ಬಂದು ಅದೇ ಸರದಿಯನ್ನು ಇನ್ನೊಂದು ಫಂಕ್ಷನ್ ತಿದ್ದಿ ಕೊಂಡಿ ಕಳಚಿಹೋಗಬಹುದು. ಅವು ಇರಬೇಕೆಂದು ಕೋಷ್ಟಕ ಎಲ್ಲಿಯೂ ಹೇಳುವುದಿಲ್ಲ. ಇಂಟರಪ್ಟಿನ ಹೊತ್ತಿನಲ್ಲಿ ಓಡುವ ಫಂಕ್ಷನ್ ಯಾವುದಕ್ಕೂ ಕಾಯುತ್ತ ನಿದ್ರೆಗೆ ಜಾರಬಾರದು, ಓದುವ ಫಂಕ್ಷನ್ನಾದರೆ ಜಾರಬಹುದು ಎಂಬ ನಿಯಮವೂ ಅಲ್ಲಿಲ್ಲ. ಫಂಕ್ಷನ್ನುಗಳ ಹೆಸರನ್ನು ಕೋಷ್ಟಕ ಬರೆದಿಟ್ಟಿತು; ಅವನ್ನು ಯಾವಾಗ, ಯಾವ ಸ್ಥಿತಿಯಲ್ಲಿ, ಯಾರು ಕರೆಯುತ್ತಾರೆ ಎಂಬುದು ನೆನಪಿಗೆ ಬಿಟ್ಟ ಮಾತಾಯಿತು. ಇಡೀ ಕರ್ನಲ್ಲನ್ನು ಒಬ್ಬರೇ ಓದಿ ಮುಗಿಸಬಹುದಾಗಿದ್ದ ದಿನಗಳಲ್ಲಿ ಇದು ಕೊರತೆ ಎನಿಸಲಿಲ್ಲ.

ಕ್ಯಾರೆಕ್ಟರ್ ಸಾಧನಗಳ ಕೋಷ್ಟಕದ ಐದನೆಯ ಮನೆಯೇ ಮುಂದೆ ದೊಡ್ಡ ತೊಡಕಾಯಿತು. ಟರ್ಮಿನಲ್ಲಿನ ವೇಗವನ್ನು ಗೊತ್ತುಪಡಿಸುವುದು ಓದುವುದೂ ಅಲ್ಲ, ಬರೆಯುವುದೂ ಅಲ್ಲ. ಟೇಪನ್ನು ಹಿಂದಕ್ಕೆ ಸುತ್ತುವುದು, ಮೋಡೆಮಿನ ಕರೆ ಕತ್ತರಿಸುವುದು ಮುಂತಾದ ಕೆಲಸಗಳಿಗೂ ಎಲ್ಲಾದರೂ ಜಾಗ ಬೇಕಿತ್ತು. 1979ರ ಜನವರಿಯ ಏಳನೆಯ ಆವೃತ್ತಿಯಲ್ಲಿ ಇದಕ್ಕೆಂದು ಐಆಕ್ಟಲ್ ಎಂಬ ಸಾಮಾನ್ಯ ಸಿಸ್ಟಂ ಕಾಲ್ ಬಂದಿತು. ಸಿಸ್ಟಂ ಕಾಲ್ ಎಂದರೆ ಪ್ರೋಗ್ರಾಂ ಕರ್ನಲ್ಲನ್ನು ಸೇವೆ ಕೇಳುವ ಕರೆ. ಈ ಕರೆಯಲ್ಲಿ ಒಂದು ಆಜ್ಞೆಯ ಸಂಖ್ಯೆ ಮತ್ತು ಒಂದು ವಿಳಾಸವಿರುತ್ತಿದ್ದವು. ಸಂಖ್ಯೆಯ ಅರ್ಥವೇನು, ವಿಳಾಸದಲ್ಲಿ ಎಷ್ಟು ಬೈಟುಗಳಿವೆ, ಅವನ್ನು ಓದಬೇಕೋ ತುಂಬಬೇಕೋ ಎಂಬುದನ್ನು ಆಯಾ ಡ್ರೈವರ್ ಮಾತ್ರ ಬಲ್ಲದು. ಒಂದು ಸಾಧನದ ಆಜ್ಞೆಯನ್ನು ತಪ್ಪಿ ಇನ್ನೊಂದು ಸಾಧನಕ್ಕೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಭರವಸೆಯಿರಲಿಲ್ಲ. ಬರ್ಕ್ಲಿ ವಿಶ್ವವಿದ್ಯಾಲಯ ಬೆಳೆಸಿದ ಯೂನಿಕ್ಸ್‌ನ 1983ರ 4.2 ಆವೃತ್ತಿಯಲ್ಲಿ ಆಜ್ಞೆಯ ಸಂಖ್ಯೆಯೊಳಗೇ ದತ್ತಾಂಶದ ದಿಕ್ಕನ್ನೂ ಗಾತ್ರವನ್ನೂ ಅಡಕ ಮಾಡುವ ರೂಢಿ ಬಂದಿತು, ಹೀಗಾಗಿ ಬಳಕೆದಾರರ ಮೆಮೊರಿಯಿಂದ ದತ್ತಾಂಶವನ್ನು ಒಳಗೆ ತರುವ, ಹೊರಗೆ ಒಯ್ಯುವ ಕೆಲಸವನ್ನು ಕರ್ನಲ್‌ನ ಸಾಮಾನ್ಯ ಭಾಗವೇ ವಹಿಸಿಕೊಂಡಿತು. ಸಣ್ಣ ಬದಲಾವಣೆಯೆಂದು ಕಂಡರೂ, ಬರೆಯದ ಷರತ್ತೊಂದನ್ನು ಬರಹಕ್ಕೆ ತಂದ ಮೊದಮೊದಲ ಯತ್ನಗಳಲ್ಲಿ ಇದೂ ಒಂದು. ಬೆಲ್ ಲ್ಯಾಬ್ಸ್‌ನಲ್ಲೇ ಯೂನಿಕ್ಸ್‌ನ ನಂತರ ಹುಟ್ಟಿದ ಪ್ಲಾನ್ 9 ಎಂಬ ವ್ಯವಸ್ಥೆ ಐಆಕ್ಟಲನ್ನು ಪೂರ್ತಿ ಕೈಬಿಟ್ಟಿತು. ಪ್ರತಿ ಸಾಧನದ ಪಕ್ಕದಲ್ಲೂ ಒಂದು ನಿಯಂತ್ರಣ ಫೈಲನ್ನಿಟ್ಟು, ಓದಬಲ್ಲ ಪದಗಳಲ್ಲಿ ಆಜ್ಞೆಗಳನ್ನು ಅದಕ್ಕೆ ಬರೆಯುವಂತೆ ಮಾಡಿತು. ವಿನ್ಯಾಸದ ದೃಷ್ಟಿಯಿಂದ ಇದು ಮೇಲಾದ ದಾರಿ. ಆದರೆ ಅಷ್ಟರಲ್ಲಿ ಐಆಕ್ಟಲಿನ ಮೇಲೆ ನಿಂತ ಪ್ರೋಗ್ರಾಂಗಳು ಎಲ್ಲೆಡೆ ಹರಡಿದ್ದವು.

ನೆಟ್‌ವರ್ಕ್ ಕಾರ್ಡು ಈ ಕೋಷ್ಟಕಗಳಿಗೆ ಒಗ್ಗಲೇ ಇಲ್ಲ. ಡಿಸ್ಕ್ ಕೇಳಿದಾಗ ಮಾತ್ರ ಕೊಡುತ್ತದೆ. ನೆಟ್‌ವರ್ಕಿನಲ್ಲಿ ಯಾರೂ ಕೇಳದೆಯೇ ಪ್ಯಾಕೆಟುಗಳು ಬರುತ್ತವೆ, ಅವು ಯಾವ ಪ್ರೋಗ್ರಾಮಿಗೆ ಸೇರಬೇಕೆಂಬುದು ಅವನ್ನು ಬಿಚ್ಚಿ ನೋಡಿದ ಮೇಲೆಯೇ ತಿಳಿಯುತ್ತದೆ. ಬರ್ಕ್ಲಿಯವರು ಅದಕ್ಕಾಗಿ ಬೇರೆಯೇ ರಚನೆ ಮಾಡಿದರು. ರಿಚಿಯವರು 1984ರಲ್ಲಿ ಪ್ರಕಟಿಸಿದ ಸ್ಟ್ರೀಮ್ಸ್ ವಿನ್ಯಾಸದಲ್ಲಿ ಡ್ರೈವರಿಗೂ ಪ್ರೋಗ್ರಾಮಿಗೂ ನಡುವೆ ಸಂಸ್ಕರಣೆಯ ಘಟಕಗಳನ್ನು ಒಂದರ ಮೇಲೊಂದು ಪೇರಿಸುವ ದಾರಿ ತೋರಿಸಿದರು. ಲಿನಕ್ಸ್ ಸೇರಿದಂತೆ ಇಂದಿನ ಅನೇಕ ಕರ್ನಲ್‌ಗಳಲ್ಲಿ ನೆಟ್‌ವರ್ಕ್ ಕಾರ್ಡು ಫೈಲಾಗಿ ಕಾಣದಿರುವುದರ ಮೂಲ ಬರ್ಕ್ಲಿಯ ಆ ತೀರ್ಮಾನದಲ್ಲಿದೆ.

ವಾಣಿಜ್ಯದ ಜಗತ್ತಿನಲ್ಲಿ ಪ್ರಶ್ನೆಯ ಸ್ವರೂಪವೇ ಬೇರೆಯಾಗಿತ್ತು. ಅಲ್ಲಿ ಡ್ರೈವರ್ ಬರೆಯುವವರು ಸಾಧನ ತಯಾರಕರು, ಅವರು ತಮ್ಮ ಸೋರ್ಸ್ ಕೋಡನ್ನು ಕೊಡುವುದಿಲ್ಲ. ಕರ್ನಲ್‌ನ ಸೋರ್ಸ್ ಅವರಿಗೂ ಸಿಗುವುದಿಲ್ಲ. 1983ರ ಎಂಎಸ್-ಡಾಸ್ 2.0ರಲ್ಲಿ ಬಳಕೆದಾರರು ಒಂದು ಫೈಲಿನಲ್ಲಿ ಡ್ರೈವರಿನ ಹೆಸರನ್ನು ಬರೆದರೆ ಯಂತ್ರ ಆರಂಭವಾಗುವಾಗ ಅದು ಸೇರಿಕೊಳ್ಳುವ ಏರ್ಪಾಡು ಬಂದಿತು. ಆ ಡ್ರೈವರುಗಳಿಗೂ ಸ್ಟ್ರಾಟೆಜಿ ಮತ್ತು ಇಂಟರಪ್ಟ್ ಎಂಬ ಎರಡು ಪ್ರವೇಶಗಳಿದ್ದವು. ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ಓಡಿಸುತ್ತಿದ್ದ ಡಾಸ್ ಅವೆರಡನ್ನೂ ಒಂದರ ಬೆನ್ನಿಗೆ ಒಂದು ಕರೆಯುತ್ತಿದ್ದರೂ, ರಚನೆ ಯೂನಿಕ್ಸ್‌ನ ನೆರಳನ್ನು ತೋರಿಸುತ್ತಿತ್ತು. 1993ರ ವಿಂಡೋಸ್ ಎನ್‌ಟಿ ಪ್ರತಿ ಕೋರಿಕೆಯನ್ನೂ ಒಂದು ಪೊಟ್ಟಣವನ್ನಾಗಿ ಮಾಡಿ, ಡ್ರೈವರುಗಳ ಸಾಲಿನಲ್ಲಿ ಮೇಲಿನಿಂದ ಕೆಳಕ್ಕೆ ಸಾಗಿಸುವ ಮಾದರಿಯನ್ನು ತಂದಿತು. ಯೂನಿಕ್ಸ್ ಮಾರುವ ಕಂಪನಿಗಳು ಸಿಸ್ಟಂ ವಿ ಎಂಬ ಯೂನಿಕ್ಸ್‌ನ ನಾಲ್ಕನೆಯ ಆವೃತ್ತಿಯ ಹೊತ್ತಿಗೆ ಡ್ರೈವರ್ ಯಾವ ಫಂಕ್ಷನ್ನುಗಳನ್ನು ಕರೆಯಬಹುದು, ಯಾವುದನ್ನು ಕರೆಯಬಾರದು ಎಂಬುದನ್ನು ಕೈಪಿಡಿಯಾಗಿ ಬರೆದಿಟ್ಟವು. 1990ರ ದಶಕದ ಕೊನೆಯಲ್ಲಿ ಹಲವು ಕಂಪನಿಗಳು ಕೂಡಿ ಎಲ್ಲ ಕರ್ನಲ್‌ಗಳಿಗೂ ಒಂದೇ ಡ್ರೈವರ್ ಸಾಲುವಂತೆ ಯುಡಿಐ ಎಂಬ ಏಕರೂಪದ ಇಂಟರ್‌ಫೇಸನ್ನು ರೂಪಿಸಿದವು. ಅದು ನೆಲೆ ಕಾಣಲಿಲ್ಲ, ಮುಕ್ತ ತಂತ್ರಾಂಶದವರೂ ಅದನ್ನು ಸ್ವಾಗತಿಸಲಿಲ್ಲ.

1991ರಲ್ಲಿ ಹೆಲ್ಸಿಂಕಿಯಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಇದಕ್ಕೆ ತದ್ವಿರುದ್ಧವಾದ ನಿಲುವನ್ನು ತಳೆಯಿತು. ಪ್ರೋಗ್ರಾಂಗಳ ಕಡೆಗಿರುವ ಹೊರಮುಖ, ಅಂದರೆ ಸಿಸ್ಟಂ ಕಾಲ್‌ಗಳು, ಒಮ್ಮೆ ಕೊಟ್ಟ ಮೇಲೆ ಬದಲಾಗಬಾರದು; ಡ್ರೈವರುಗಳ ಕಡೆಗಿರುವ ಒಳಮುಖ ಬೇಕೆಂದಾಗ ಬದಲಾಗಬಹುದು, ಆದರೆ ಬದಲಾಯಿಸಿದವರೇ ಕರ್ನಲ್‌ನ ಸೋರ್ಸ್ ಕೋಡಿನೊಳಗಿರುವ ಎಲ್ಲ ಡ್ರೈವರುಗಳನ್ನೂ ತಿದ್ದಿಕೊಡಬೇಕು. ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಈ ನಿಲುವಿನ ಸಮರ್ಥನೆಯನ್ನು ಕರ್ನಲ್‌ನ ದಾಖಲೆಗಳಲ್ಲೇ ಬರೆದಿಟ್ಟರು. ಯುಎಸ್‌ಬಿಯ ಒಳ ಇಂಟರ್‌ಫೇಸ್ ಕನಿಷ್ಠ ಮೂರು ಬಾರಿ ಹೊಸದಾಗಿ ರೂಪುಗೊಂಡಿದ್ದನ್ನು ಅವರು ಉದಾಹರಣೆಯಾಗಿ ಕೊಡುತ್ತಾರೆ. ಕೆಲಸ ಮುಗಿಯುವವರೆಗೆ ಕಾಯುವ ಮಾದರಿಯಿಂದ, ಕೋರಿಕೆ ಸಲ್ಲಿಸಿ ಮುಂದೆ ಸಾಗುವ ಮಾದರಿಗೆ ಅದು ಬದಲಾದದ್ದರಿಂದ ವೇಗ ಹೆಚ್ಚಿತು. ಹಳೆಯ ಡ್ರೈವರುಗಳಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದಿದ್ದರೆ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಹೊತ್ತು ಸಾಗಬೇಕಾಗುತ್ತಿತ್ತು. ಸೋರ್ಸ್ ಕೋಡನ್ನು ಹಂಚಿಕೊಳ್ಳದ ತಯಾರಕರಿಗೆ ಈ ನಿಲುವಿನಿಂದ ಆಗುವ ಕಷ್ಟ ನಿಜವಾದದ್ದೇ. ಆದರೂ ತಪ್ಪಾಗಿ ರೂಪುಗೊಂಡ ಕರಾರನ್ನು ತಿದ್ದುವ ಸ್ವಾತಂತ್ರ್ಯ ಉಳಿದದ್ದರಿಂದಲೇ, ಮುಂದೆ ವಿವರಿಸುವ ಸುಧಾರಣೆಗಳು ಲಿನಕ್ಸ್‌ನಲ್ಲಿ ಸಾಧ್ಯವಾದವು.

ಆ ಸುಧಾರಣೆಗಳಲ್ಲಿ ಮೊದಲನೆಯದು ಬರವಣಿಗೆಯ ರೀತಿಗೆ ಸೇರಿದ್ದು. ಲಿನಕ್ಸ್‌ನಲ್ಲಿ ಕ್ಯಾರೆಕ್ಟರ್ ಸಾಧನದ ಡ್ರೈವರ್ ತನ್ನ ಫಂಕ್ಷನ್ನುಗಳನ್ನು ಒಂದು ರಚನೆಯಲ್ಲಿ ತುಂಬಿ ಕರ್ನಲ್‌ಗೆ ಒಪ್ಪಿಸುತ್ತದೆ. ಆರಂಭದ ವರ್ಷಗಳಲ್ಲಿ ಅದನ್ನು ಕ್ರಮವರಿತು ತುಂಬುತ್ತಿದ್ದರು, ಮೂರನೆಯ ಮನೆಗೆ ಬರೆಯುವ ಫಂಕ್ಷನ್, ನಾಲ್ಕನೆಯದು ಖಾಲಿ ಎಂಬಂತೆ. ನಡುವೆ ಹೊಸ ಮನೆಯೊಂದು ಸೇರಿದರೆ ಎಲ್ಲ ಡ್ರೈವರುಗಳಲ್ಲೂ ಮುಂದಿನ ಮನೆಗಳು ಪಲ್ಲಟವಾಗುತ್ತಿದ್ದವು. ಪ್ರತಿ ಮನೆಯ ಹೆಸರನ್ನು ಬರೆದು ಅದರ ಎದುರು ಫಂಕ್ಷನ್ನನ್ನು ಸೂಚಿಸುವ ರೂಢಿ ಬಂದ ಮೇಲೆ, ಬೇಡದ ಮನೆಗಳನ್ನು ಹೇಳುವ ಅಗತ್ಯವೂ ಉಳಿಯಲಿಲ್ಲ, ಹೊಸ ಮನೆ ಸೇರಿದರೆ ಹಳೆಯವರಿಗೆ ತೊಂದರೆಯೂ ಆಗಲಿಲ್ಲ.

ಎರಡನೆಯದು ಬೀಗದ ಕಥೆ. ಒಂದಕ್ಕಿಂತ ಹೆಚ್ಚು ಪ್ರೊಸೆಸರುಗಳಿರುವ ಯಂತ್ರಗಳಲ್ಲಿ ಓಡಲು 1996ರ ಲಿನಕ್ಸ್ 2.0 ಇಡೀ ಕರ್ನಲ್‌ಗೆ ಒಂದೇ ಬೀಗ ಹಾಕಿತು, ಒಂದು ಹೊತ್ತಿಗೆ ಒಂದೇ ಪ್ರೊಸೆಸರ್ ಕರ್ನಲ್‌ನೊಳಗೆ ಇರಬಹುದಿತ್ತು. ವೇಗಕ್ಕಾಗಿ ಈ ಬೀಗವನ್ನು ಭಾಗ ಭಾಗವಾಗಿ ತೆಗೆಯುತ್ತ ಬಂದಾಗ ಕೊನೆಯವರೆಗೂ ಅಂಟಿಕೊಂಡ ಜಾಗಗಳಲ್ಲಿ ಐಆಕ್ಟಲ್ ಮುಖ್ಯವಾದದ್ದು. ಕರ್ನಲ್ ಆ ಫಂಕ್ಷನ್ನನ್ನು ಬೀಗ ಹಿಡಿದೇ ಕರೆಯುತ್ತಿದ್ದುದರಿಂದ ನೂರಾರು ಡ್ರೈವರುಗಳು ತಮ್ಮ ದತ್ತಾಂಶಕ್ಕೆ ಬೇರೆ ರಕ್ಷಣೆಯನ್ನೇ ಮಾಡಿಕೊಂಡಿರಲಿಲ್ಲ, ಹಾಗೆ ಅವಲಂಬಿಸಿದ್ದೇವೆಂಬ ಅರಿವೂ ಅನೇಕ ಲೇಖಕರಿಗೆ ಇರಲಿಲ್ಲ. ಮೇಲಾಗಿ ಈ ಬೀಗಕ್ಕೊಂದು ವಿಚಿತ್ರ ಗುಣವಿತ್ತು: ಹಿಡಿದವರು ನಿದ್ರೆಗೆ ಜಾರಿದರೆ ಅದು ತಾನಾಗಿ ಬಿಟ್ಟುಹೋಗುತ್ತಿತ್ತು, ಎದ್ದಾಗ ತಾನಾಗಿ ಮತ್ತೆ ಹಿಡಿಯಲ್ಪಡುತ್ತಿತ್ತು. ಆದ್ದರಿಂದ ಅದರ ಜಾಗದಲ್ಲಿ ಸಾಧಾರಣ ಬೀಗವೊಂದನ್ನು ಕಣ್ಣುಮುಚ್ಚಿ ಇಡುವಂತಿರಲಿಲ್ಲ. 2005ರ 2.6.11ರಲ್ಲಿ ಬೀಗವಿಲ್ಲದೆ ಕರೆಯುವ ಹೊಸ ಮನೆಯೊಂದನ್ನು ಸೇರಿಸಿ, ಬೀಗವಿಲ್ಲ ಎಂಬುದನ್ನು ಅದರ ಹೆಸರಿನಲ್ಲೇ ಸಾರಿದರು. ಡ್ರೈವರುಗಳನ್ನು ಒಂದೊಂದಾಗಿ ಓದಿ ಹಳೆಯ ಮನೆಯಿಂದ ಹೊಸದಕ್ಕೆ ಸಾಗಿಸುವುದಕ್ಕೆ ಐದು ವರ್ಷಗಳು ಹಿಡಿದವು. 2010ರ 2.6.36ರಲ್ಲಿ ಹಳೆಯ ಮನೆ ಹೋಯಿತು, 2011ರ 2.6.39ರಲ್ಲಿ ಆ ದೊಡ್ಡ ಬೀಗವೇ ಹೋಯಿತು. ಕೋಷ್ಟಕದಲ್ಲಿ ಬರೆಯದ ಒಂದೇ ಒಂದು ಷರತ್ತನ್ನು ಹಿಂತೆಗೆದುಕೊಳ್ಳಲು ತೆತ್ತ ಬೆಲೆ ಇದು.

ಮೂರನೆಯದು ಸಾಧನಗಳ ಆಯುಷ್ಯಕ್ಕೆ ಸಂಬಂಧಿಸಿದ್ದು. ಆರ್‌ಕೆ05 ಡಿಸ್ಕ್ ಎರಡು ಸಾಲುಗಳ ನಡುವೆ ಮಾಯವಾಗುವ ವಸ್ತುವಾಗಿರಲಿಲ್ಲ. ಯುಎಸ್‌ಬಿ ಬಂದ ಮೇಲೆ, ಫೈಲ್ ತೆರೆದಿರುವಾಗಲೇ ಬಳಕೆದಾರರು ಸಾಧನವನ್ನು ಕಿತ್ತುಬಿಡಬಹುದಾಯಿತು. ಲ್ಯಾಪ್‌ಟಾಪುಗಳು ಬಂದ ಮೇಲೆ ನಿದ್ರಾಸ್ಥಿತಿಗೆ ಹೋಗುವಾಗ ಸಾಧನಗಳನ್ನು ಸರಿಯಾದ ಕ್ರಮದಲ್ಲಿ ಆರಿಸಬೇಕಾಯಿತು. ಡಿಸ್ಕಿಗಿಂತ ಮುಂಚೆ ಅದರ ಕಂಟ್ರೋಲರನ್ನು ಆರಿಸಿದರೆ ಡಿಸ್ಕಿಗೆ ಆಜ್ಞೆ ತಲುಪುವ ದಾರಿಯೇ ಇಲ್ಲ. ಯಾವ ಸಾಧನ ಯಾವುದಕ್ಕೆ ಜೋಡಿಸಿದೆ ಎಂಬ ವಂಶವೃಕ್ಷ ಕರ್ನಲ್‌ನಲ್ಲಿ ಎಲ್ಲಿಯೂ ಒಟ್ಟಾಗಿ ಇರಲಿಲ್ಲ. 2.5ರ ಅಭಿವೃದ್ಧಿಯ ಕಾಲದಲ್ಲಿ ಪ್ಯಾಟ್ರಿಕ್ ಮೊಚೆಲ್ ರೂಪಿಸಿದ ಡ್ರೈವರ್ ಮಾದರಿ ಈ ವೃಕ್ಷವನ್ನು ಕಟ್ಟಿತು, 2003ರ ಡಿಸೆಂಬರಿನ 2.6ರೊಂದಿಗೆ ಅದು ಬಳಕೆಗೆ ಬಂದಿತು. ಅಲ್ಲಿಂದ ಮುಂದೆ ಡ್ರೈವರ್ ಸಾಧನಗಳನ್ನು ತಾನೇ ಹುಡುಕಿಕೊಂಡು ಹೋಗುವುದಿಲ್ಲ. ತಾನು ಬಲ್ಲ ಸಾಧನಗಳ ಗುರುತುಗಳ ಪಟ್ಟಿಯನ್ನು ಕರ್ನಲ್‌ಗೆ ಒಪ್ಪಿಸುತ್ತದೆ, ಅಂಥದ್ದೊಂದು ಸಿಕ್ಕಾಗ ಕರ್ನಲ್ ಅದರ ಪ್ರೋಬ್ ಫಂಕ್ಷನ್ನನ್ನು ಕರೆಯುತ್ತದೆ, ಸಾಧನ ಹೋದಾಗ ರಿಮೂವ್ ಫಂಕ್ಷನ್ನನ್ನು ಕರೆಯುತ್ತದೆ. ಅದೇ ಹೊತ್ತಿಗೆ, ಎಂಟೆಂಟು ಬಿಟ್‌ಗಳಿದ್ದ ಮೇಜರ್ ಮತ್ತು ಮೈನರ್ ಸಂಖ್ಯೆಗಳು ಸಾಲದೆ ಹೋಗಿ ಕ್ರಮವಾಗಿ 12 ಮತ್ತು 20 ಬಿಟ್‌ಗಳಿಗೆ ವಿಸ್ತರಿಸಿದವು.

ಪ್ರೋಬ್ ಫಂಕ್ಷನ್ ಸಾಮಾನ್ಯವಾಗಿ ಒಂದಾದ ಮೇಲೊಂದು ಸಂಪನ್ಮೂಲಗಳನ್ನು ಪಡೆಯುತ್ತದೆ: ಮೊದಲು ಮೆಮೊರಿ, ಬಳಿಕ ರಿಜಿಸ್ಟರುಗಳ ವಿಳಾಸ, ಬಳಿಕ ಕ್ಲಾಕ್, ಬಳಿಕ ಇಂಟರಪ್ಟ್. ನಾಲ್ಕನೆಯದು ಸಿಗದಿದ್ದರೆ ಮೊದಲ ಮೂರನ್ನು ತಿರುವುಮುರುವಾಗಿ ಹಿಂದಿರುಗಿಸಬೇಕು, ಮೂರನೆಯದು ಸಿಗದಿದ್ದರೆ ಮೊದಲೆರಡನ್ನು. ಇದಕ್ಕಾಗಿ ಫಂಕ್ಷನ್ನಿನ ಕೊನೆಯಲ್ಲಿ ಮೆಟ್ಟಿಲುಗಳಂತೆ ಸಾಲುಗಳನ್ನು ಜೋಡಿಸಿ, ಎಲ್ಲಿ ಎಡವಿದರೆ ಯಾವ ಮೆಟ್ಟಿಲಿಗೆ ಜಿಗಿಯಬೇಕೆಂದು ಬರೆಯುತ್ತಿದ್ದರು. ನಡುವೆ ಹೊಸ ಸಂಪನ್ಮೂಲವೊಂದು ಸೇರಿದಾಗ ಒಂದು ಜಿಗಿತ ತಪ್ಪುವುದು ಮಾಮೂಲಾಗಿತ್ತು, ಎಡವುವ ಸಂದರ್ಭ ವಿರಳವಾದ್ದರಿಂದ ಆ ತಪ್ಪು ವರ್ಷಗಟ್ಟಲೆ ಕಣ್ಣಿಗೆ ಬೀಳುತ್ತಲೂ ಇರಲಿಲ್ಲ. 2007ರಲ್ಲಿ ಟೆಜುನ್ ಹಿಯೊ ಸೇರಿಸಿದ ವ್ಯವಸ್ಥೆಯಲ್ಲಿ ಪಡೆದ ಪ್ರತಿ ಸಂಪನ್ಮೂಲವೂ ಸಾಧನದ ಲೆಕ್ಕದಲ್ಲಿ ದಾಖಲಾಗುತ್ತದೆ. ಪ್ರೋಬ್ ವಿಫಲವಾದರೆ ಅಥವಾ ಸಾಧನ ಹೋದರೆ ಕರ್ನಲ್ ತಾನೇ ಅವನ್ನೆಲ್ಲ ತಿರುವುಮುರುವಾಗಿ ಬಿಡಿಸುತ್ತದೆ. ಈಗ ಬರೆಯುವ ಬಹುಪಾಲು ಡ್ರೈವರುಗಳಲ್ಲಿ ಆ ಮೆಟ್ಟಿಲುಗಳು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆಯಾಗಿವೆ.

ಡ್ರೈವರುಗಳಲ್ಲಿ ತಪ್ಪುಗಳೆಷ್ಟು ಎಂಬುದನ್ನು ಅಳೆದು ನೋಡಿದ ಅಧ್ಯಯನಗಳೂ ಇವೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಿನಕ್ಸ್‌ನ ಡ್ರೈವರುಗಳಲ್ಲಿ ಕೆಲವು ಬಗೆಯ ದೋಷಗಳ ಪ್ರಮಾಣ ಕರ್ನಲ್‌ನ ಉಳಿದ ಭಾಗಕ್ಕಿಂತ ಮೂರರಿಂದ ಏಳು ಪಟ್ಟು ಹೆಚ್ಚಾಗಿ ಕಂಡಿತು. ಹೆಚ್ಚಿನವು ಬರೆಯದ ಷರತ್ತುಗಳನ್ನು ಮುರಿದದ್ದರಿಂದ ಆದವು: ಬೀಗ ಹಿಡಿದು ಬಿಡದಿರುವುದು, ನಿದ್ರೆಗೆ ಜಾರಬಾರದ ಕಡೆ ಜಾರುವುದು, ಸಿಗದಿರಬಹುದಾದ ಮೆಮೊರಿಯನ್ನು ಪರೀಕ್ಷಿಸದೆ ಬಳಸುವುದು. ಅದೇ ಕಾಲದಲ್ಲಿ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಥಾಮಸ್ ಬಾಲ್ ಮತ್ತು ಶ್ರೀರಾಮ್ ರಾಜಮಣಿ ಸ್ಲ್ಯಾಮ್ ಎಂಬ ತಂತ್ರಾಂಶವನ್ನು ಕಟ್ಟಿದರು. ಬೀಗ ಹಿಡಿದ ಮೇಲೆ ಮತ್ತೆ ಹಿಡಿಯಬಾರದು, ಬಿಡದೆ ಹಿಂದಿರುಗಬಾರದು ಎಂಬಂಥ ನಿಯಮಗಳನ್ನು ಅದಕ್ಕೆ ಬರೆದುಕೊಟ್ಟರೆ, ಡ್ರೈವರನ್ನು ಓಡಿಸದೆಯೇ ಅದರ ಎಲ್ಲ ದಾರಿಗಳನ್ನೂ ಶೋಧಿಸಿ ನಿಯಮ ಮುರಿಯುವ ದಾರಿಯನ್ನು ಅದು ತೋರಿಸುತ್ತಿತ್ತು. ವಿಂಡೋಸ್ ಡ್ರೈವರ್ ಬರೆಯುವವರಿಗೆ ಕೊಡುವ ಸಾಮಗ್ರಿಯಲ್ಲಿ ಅದು ಸೇರಿಕೊಂಡಿತು. ನಿಯಮಗಳನ್ನು ಬರೆಯುವ ಕೆಲಸವೇ ಇಲ್ಲಿ ಅರ್ಧ ಸಾಧನೆ, ಏಕೆಂದರೆ ಅಲ್ಲಿಯವರೆಗೆ ಅವು ಕೈಪಿಡಿಯ ವಾಕ್ಯಗಳಾಗಿ ಮಾತ್ರ ಇದ್ದವು. ರಾಜಮಣಿ ಅನಂತರ ಬೆಂಗಳೂರಿಗೆ ಬಂದು, 2005ರಲ್ಲಿ ಅಲ್ಲಿ ಆರಂಭವಾದ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿ ದುಡಿದು ಅದರ ಮುಖ್ಯಸ್ಥರೂ ಆದರು.

ಲಿನಕ್ಸ್‌ಗೆ ಬೇಕಾದ ತಂತ್ರಾಂಶ ಬೇರೆ ಬಗೆಯದು. ಒಳ ಇಂಟರ್‌ಫೇಸ್ ಬದಲಾದಾಗಲೆಲ್ಲ ಸಾವಿರಾರು ಕಡೆ ತಿದ್ದಬೇಕಾಗುವುದರಿಂದ, ಜೂಲಿಯಾ ಲಾವಾಲ್, ಗಿಲ್ಸ್ ಮುಲರ್ ಮತ್ತವರ ಸಂಗಡಿಗರು ಕಾಕ್ಸಿನೆಲ್ ಎಂಬ ತಂತ್ರಾಂಶವನ್ನು ರೂಪಿಸಿದರು. ಈ ಬಗೆಯ ಕರೆ ಎಲ್ಲಿದ್ದರೂ ಈ ಬಗೆಯದಾಗಿ ಬದಲಾಗಲಿ ಎಂದು ಮಾದರಿಯೊಂದನ್ನು ಬರೆದುಕೊಟ್ಟರೆ ಅದು ಇಡೀ ಕರ್ನಲ್ಲನ್ನು ತಿದ್ದುತ್ತದೆ. ಅದೇ ತಂತ್ರಾಂಶದ ನೆರವಿನಿಂದ 2001ರ ಅಧ್ಯಯನವನ್ನು ಹತ್ತು ವರ್ಷಗಳ ಬಳಿಕ ಮತ್ತೆ ನಡೆಸಿದಾಗ, ಡ್ರೈವರುಗಳಲ್ಲಿ ದೋಷಗಳ ಒಟ್ಟು ಸಂಖ್ಯೆ ಇನ್ನೂ ದೊಡ್ಡದಾಗಿದ್ದರೂ ಅವುಗಳ ಪ್ರಮಾಣ ಕರ್ನಲ್‌ನ ಬೇರೆ ಕೆಲವು ಭಾಗಗಳಿಗಿಂತ ಕೆಳಗಿಳಿದಿತ್ತು. ಬರೆಯದ ಷರತ್ತುಗಳು ಕಡಿಮೆಯಾದದ್ದು ಇದಕ್ಕೆ ಒಂದು ಕಾರಣವೆಂದು ನಂಬಲು ಆಧಾರವಿದೆ.

2022ರ ಡಿಸೆಂಬರಿನ ಲಿನಕ್ಸ್ 6.1ರಲ್ಲಿ ರಸ್ಟ್ ಭಾಷೆಗೆ ಪ್ರವೇಶ ಸಿಕ್ಕಿದ್ದು ಇದೇ ದಾರಿಯ ಮುಂದಿನ ಘಟ್ಟ. ಸಿ ಭಾಷೆಯಲ್ಲಿ ಟಿಪ್ಪಣಿಯಾಗಿ ಇರಬಹುದಾಗಿದ್ದ, ಎಷ್ಟೋ ವೇಳೆ ಅದೂ ಇಲ್ಲದಿದ್ದ ನಿಯಮಗಳನ್ನು, ಅಂದರೆ ಈ ದತ್ತಾಂಶವನ್ನು ಯಾವ ಬೀಗ ಹಿಡಿದು ಮುಟ್ಟಬೇಕು, ಈ ಮೆಮೊರಿಯನ್ನು ಬಿಡುಗಡೆ ಮಾಡುವ ಹೊಣೆ ಯಾರದು ಎಂಬುದನ್ನು, ರಸ್ಟ್‌ನ ಕಂಪೈಲರ್ ಬಲ್ಲ ರೂಪದಲ್ಲಿ ಬರೆಯಬೇಕಾಗುತ್ತದೆ. ಹಾಗೆ ಬರೆಯಲು ಹೊರಟವರಿಗೆ ಮೊದಲು ಎದುರಾದ ಕಷ್ಟವೆಂದರೆ ಹಲವು ಸಿ ಇಂಟರ್‌ಫೇಸುಗಳ ನಿಯಮಗಳು ಯಾರಿಗೂ ಪೂರ್ತಿಯಾಗಿ ತಿಳಿದಿರಲಿಲ್ಲ ಎಂಬುದು. ಸಿ ಭಾಗವನ್ನು ನೋಡಿಕೊಳ್ಳುವವರಲ್ಲಿ ಕೆಲವರು, ಒಳ ಇಂಟರ್‌ಫೇಸನ್ನು ಬದಲಿಸುವ ಸ್ವಾತಂತ್ರ್ಯಕ್ಕೆ ಇದರಿಂದ ಕಟ್ಟು ಬೀಳುತ್ತದೆಂದು ಆಕ್ಷೇಪಿಸಿದರು. ಸಿ ಭಾಗದವರು ಎಂದಿನಂತೆ ಬದಲಾಯಿಸಬಹುದು, ರಸ್ಟ್ ಭಾಗವನ್ನು ಹೊಂದಿಸಿಕೊಳ್ಳುವ ಹೊಣೆ ರಸ್ಟ್‌ನವರದು ಎಂಬ ಒಪ್ಪಂದದ ಮೇಲೆ ಕೆಲಸ ಮುಂದುವರಿಯಿತು. 2024ರ 6.8ರಲ್ಲಿ ಎತರ್‌ನೆಟ್ ತಂತಿಯ ತುದಿಯ ಚಿಪ್ಪಿಗೆ ಬರೆದ ಪುಟ್ಟ ಡ್ರೈವರೊಂದು ರಸ್ಟ್‌ನಲ್ಲಿ ಸೇರಿತು. 2025ರ 6.14ರಲ್ಲಿ ಪಿಸಿಐ ಸಾಧನಗಳಿಗೆ ರಸ್ಟ್‌ನಲ್ಲಿ ಡ್ರೈವರ್ ಬರೆಯಲು ಬೇಕಾದ ಅಡಿಪಾಯ ಬಂದಿತು. ಅಲ್ಲಿ ಡ್ರೈವರಿಗೆ ಸಾಧನದ ರಿಜಿಸ್ಟರುಗಳು ನೇರವಾಗಿ ಸಿಗುವುದಿಲ್ಲ, ಕರ್ನಲ್ ಹಿಂತೆಗೆದುಕೊಳ್ಳಬಲ್ಲ ಒಂದು ಹೊದಿಕೆಯ ಮೂಲಕ ಸಿಗುತ್ತವೆ. ಸಾಧನವನ್ನು ಕಿತ್ತ ಕ್ಷಣದಿಂದ ಆ ಹೊದಿಕೆ ಬರಿದಾಗುತ್ತದೆ, ಅದು ಬರಿದಾಗಿದೆಯೇ ಎಂದು ಪರೀಕ್ಷಿಸದೆ ರಿಜಿಸ್ಟರನ್ನು ಮುಟ್ಟಲು ಹೊರಟ ಡ್ರೈವರನ್ನು ಕಂಪೈಲರ್ ಒಪ್ಪುವುದಿಲ್ಲ.